ಟ್ಯಾಕ್ಸೇಶನ್ ಎಂದರೆ ಒಪ್ಪಿಗೆ

ಎಂ.ಕಾಂ ಎರಡನೇ ವರ್ಷಕ್ಕೆ ಕಾಲಿಟ್ಟ ಕೂಡಲೇ ಒಂದು ವಿಶೇಷ ವಿಷಯವನ್ನು ಆರಿಸಿಕೊಳ್ಳಬೇಕು. ಮಂಡ್ಯದ ನಮ್ಮ ಕಾಲೇಜಿನಲ್ಲಿ ಇದ್ದದ್ದು ಮೂರು ಗುಂಪು. ತೆರಿಗೆ, ಹಣಕಾಸು, ವೆಚ್ಚದ ಲೆಕ್ಕ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಟ್ಯಾಕ್ಸೇಶನ್, ಫೈನಾನ್ಸ್, ಕಾಸ್ಟಿಂಗ್ ಎಂದೇ ಅನ್ನುತ್ತಿದ್ದೆವು. ಶ್ರಾವಣದ ಶುರುವಿನಲ್ಲಿ ನೋಟೀಸ್ ಬೋರ್ಡಿಗೆ ಹಾಳೆ ಅಂಟಿಸಿದರು. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕರೂ ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಕಂಡಕ್ಟರು, “ಯಾಕಮ್ಮಿ, ಸೀಟಲ್ಲಿ ಮುಳ್ಳೇನಾರೂ ಅವ್ಯಾ?” ಎಂದು ಕೇಳಿದ.

ಒಂದು ವಿಷಯ ಆರಿಸುವುದಕ್ಕೆ ಇಷ್ಟೊಂದು ಒದ್ದಾಟವೇ ಎನ್ನುವವರು ಆಗ ನಮ್ಮ ಮನೆಗೆ ಬಂದು ನೋಡಬೇಕಿತ್ತು. ಕೆರಗೋಡಿನಿಂದ ಆಚೆಗಿರುವ ನಮ್ಮೂರಿನಲ್ಲಿ, ನಾನು ಬಿ.ಕಾಂ ಓದುವಷ್ಟೂ ಕಾಲ ಏನು ಓದುತ್ತಿದ್ದೇನೆ ಎಂದು ಒಬ್ಬರೂ ಕೇಳಿದವರಲ್ಲ. “ಕಾಲೇಜ್ಗೆ ಓಯ್ತಳೆ” ಎಂದರೆ ಮುಗಿಯಿತು. ಈಗ ನೋಡಿದರೆ ಅವ್ವ ಮುದ್ದೆ ತೊಳಸುತ್ತ, “ಅದೇನೋ ತಗಬೇಕಂತಲ್ಲ, ತಗಂಡ್ಯಾ?” ಎನ್ನುತ್ತಾಳೆ. ಟ್ರ್ಯಾಕ್ಟರಿನ ಕೆಳಗೆ ಮಲಗಿ ಏನನ್ನೋ ಬಿಗಿ ಮಾಡುತ್ತಿದ್ದ ಅಪ್ಪ ತಲೆ ಈಚೆ ಹಾಕಿ, “ಟ್ಯಾಕ್ಸೇ ತಗಳಮ್ಮಿ, ನಿಮ್ಮವ್ವಂಗೂ ನೆಮ್ಮದಿ” ಎನ್ನುತ್ತಾನೆ. ಪಕ್ಕದ ಮನೆಯ ದೊಡ್ಡವ್ವ ಕೂಡ ಜಗಲಿಯಿಂದಲೇ, “ಟ್ಯಾಕ್ಸ್ ಒಳ್ಳೇದಂತಲ್ಲವ್ವ” ಎಂದಳು. ಆಯಮ್ಮ ಹುಟ್ಟಿದಾಗಿನಿಂದ ಆ ಪದವನ್ನು ಬಾಯಲ್ಲಿ ಆಡಿದ್ದು ಅವತ್ತೇ ಇರಬೇಕು. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲಿ ಕೋಪ. “ನೀನೇ ತಗೋ ದೊಡ್ಡವ್ವ, ಇನ್ನೂ ಸೀಟವೆ” ಎಂದುಬಿಟ್ಟೆ.

ಇದಕ್ಕೆಲ್ಲ ಕಾರಣ ಮದ್ದೂರಿನ ನಮ್ಮ ಸೋದರಮಾವ. ಅವ್ವನಿಗೆ ಇರುವವನು ಅವನೊಬ್ಬನೇ ಅಣ್ಣ. ತಾತ, ಅಜ್ಜಿ ಹೋದಮೇಲೆ ಅವ್ವನಿಗೆ ತವರು ಎಂದರೆ ಆ ಅಣ್ಣನೇ. ಅವನ ಮಗ, ಎಂದರೆ ನನ್ನ ಬಾವ, ಮದ್ದೂರಿನ ಪೇಟೆಯಲ್ಲಿ ಮಹಡಿಯ ಮೇಲೊಂದು ರೂಮು ಹಿಡಿದು ಟ್ಯಾಕ್ಸ್ ಆಫೀಸು ಇಟ್ಟಿದ್ದಾನೆ. ಅಂಗಡಿಯವರು, ರೈಸ್‌ಮಿಲ್ಲಿನವರು, ಬೆಲ್ಲದ ಮಂಡಿಯವರು ಜಿಎಸ್‌ಟಿ ಎಂದರೆ ಅವನ ಹತ್ತಿರ ಓಡಿ ಬರುತ್ತಾರೆ. ಒಬ್ಬನ ಕೈಲಿ ಆಗದಷ್ಟು ಕೆಲಸ. ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ನಮ್ಮ ಮನೆಗೆ ಬಂದಿದ್ದ ಮಾವ ಬಾಡೂಟ ಉಂಡು, ಎಲೆ ಅಡಿಕೆ ಹಾಕಿಕೊಳ್ಳುತ್ತ ಒಂದು ಮಾತು ಬಿಟ್ಟುಹೋಗಿದ್ದ. “ಉಡ್ಗಿ ಟ್ಯಾಕ್ಸ್ ತಗಳ್ಳಿ ಕಣವ್ವ. ಮುಂದಿಂದು ತಾನಾಗೇ ಆಯ್ತದೆ.”

ಮುಂದಿನದು ಏನೆಂದು ಯಾರೂ ಬಿಡಿಸಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ಮಹಡಿಯ ಆಫೀಸಿನಲ್ಲಿ ಬಾವನ ಪಕ್ಕದ ಕುರ್ಚಿಯಲ್ಲಿ ನಾನು ಅವನ ಹೆಂಡತಿಯಾಗಿ ಕೂರುವುದು, ಅಷ್ಟೇ.

ನಮ್ಮ ಕಡೆ ಹೆಣ್ಣುಮಗಳನ್ನು ಎದುರಿಗೆ ಕೂರಿಸಿಕೊಂಡು ‘ನಿನಗೆ ಒಪ್ಪಿಗೆಯಾ’ ಎಂದು ಕೇಳುವ ಪದ್ಧತಿಯಿಲ್ಲ. ಕೇಳಿ, ಅವಳು ಇಲ್ಲ ಎಂದುಬಿಟ್ಟರೆ ದೊಡ್ಡವರ ಮುಖ ಎಲ್ಲಿ ಉಳಿಯಬೇಕು? ಅದಕ್ಕೇ ಕೇಳುವುದಿಲ್ಲ. ಅವಳು ಮಾಡುವ ಯಾವುದಾದರೊಂದು ಕೆಲಸಕ್ಕೆ ಕಾದಿದ್ದು, ಅದನ್ನೇ ಉತ್ತರ ಎಂದು ಹಿಡಿದುಕೊಳ್ಳುತ್ತಾರೆ. ನನ್ನಕ್ಕನನ್ನು ನೋಡಲು ಮಳವಳ್ಳಿ ಕಡೆಯವರು ಬಂದುಹೋದಾಗ ಹಾಗೇ ಆಯಿತು. ಅವರು ಹೋದಮೇಲೆ ಅಕ್ಕ ಅಡುಗೆಮನೆಯಲ್ಲಿ ಮಿಕ್ಕಿದ್ದ ಕೇಸರಿಬಾತನ್ನು ತಟ್ಟೆ ತುಂಬ ಹಾಕಿಕೊಂಡು ತಿಂದಳು. ಬೆಳಗಿನಿಂದ ಸೀರೆ ಉಡಿಸುವ ಗಲಾಟೆಯಲ್ಲಿ ಅವಳಿಗೆ ಯಾರೂ ಒಂದು ತುತ್ತು ಕೊಟ್ಟಿರಲಿಲ್ಲ. ಅದನ್ನು ಕಂಡ ಮಾವನ ಹೆಂಡತಿ, ನಮ್ಮತ್ತೆ, “ಎಣ್ಣು ಒಪ್ತು ಬುಡಿ, ಎಂಗ್ ಉಣ್ತಾವ್ಳೆ ನೋಡಿ” ಎಂದು ಹೊರಗೆ ಸಾರಿಬಿಟ್ಟಳು. ಅಕ್ಕ ಈಗ ಬಂಡೂರಿನಲ್ಲಿ ಕುರಿಮಂದೆಯಿರುವ ಮನೆಯ ಸೊಸೆ. ಚೆನ್ನಾಗಿಯೇ ಇದ್ದಾಳೆ, ಗಂಡ ಒಳ್ಳೆಯವನು. ಆದರೂ ಆ ಮಾತು ಎತ್ತಿದರೆ ಇವತ್ತಿಗೂ ಉರಿದು ಬೀಳುತ್ತಾಳೆ. “ಅಸಿವಾಗಿತ್ತು ಕಣೆ! ಅಸಿವಾಗಿತ್ತು, ಅಷ್ಟೇಯ!”

ಬಾವ ಕೆಟ್ಟವನಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಅವನು ಕುಡಿಯುವುದಿಲ್ಲ, ಯಾರ ಮೇಲೂ ರೇಗುವುದಿಲ್ಲ, ಹಬ್ಬಕ್ಕೆ ಬಂದರೆ ಅವ್ವನ ಜೊತೆ ಕೂತು ಸೊಪ್ಪು ಬಿಡಿಸುತ್ತಾನೆ. ಅಂಥವನನ್ನು ಬೇಡ ಎನ್ನಲು ಏನು ಕಾರಣ ಕೊಡುವುದು? ನನಗೆ ಬೇಕಾಗಿದ್ದದ್ದು ಕಾಸ್ಟಿಂಗ್ ಎಂದರೆ ಯಾರಿಗೆ ಅರ್ಥವಾಗುತ್ತದೆ?

ಕಾಸ್ಟಿಂಗ್ ನನ್ನ ತಲೆಗೆ ಹತ್ತಿದ್ದು ಗೆಜ್ಜಲಗೆರೆಯಲ್ಲಿ. ಮೊದಲನೇ ವರ್ಷ ಮುಗಿದ ರಜೆಯಲ್ಲಿ ಪ್ರಾಜೆಕ್ಟಿಗೆಂದು ಅಲ್ಲಿಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋಗುತ್ತಿದ್ದೆ. ಅಲ್ಲಿ ಬಟ್ಟೆಯನ್ನು ಉದ್ದನೆಯ ಮೇಜಿನ ಮೇಲೆ ಪದರದ ಮೇಲೆ ಪದರ ಹಾಸಿ, ಮೇಲೆ ಅಂಗಿಯ ಅಳತೆಯ ಕಾಗದವಿಟ್ಟು ಕತ್ತರಿಸುತ್ತಾರೆ. ನನಗೆ ಕೆಲಸವೇನೂ ಕೊಟ್ಟಿರಲಿಲ್ಲ. ಸುಮ್ಮನೆ ನಿಂತು ನೋಡುತ್ತಿದ್ದೆ. ನೋಡುತ್ತ ನೋಡುತ್ತ ಒಂದು ವಿಷಯ ಕಣ್ಣಿಗೆ ಬಿತ್ತು. ಗೆರೆ ಗೆರೆ ಬಟ್ಟೆ ಕತ್ತರಿಸಿದ ದಿನ ಮೇಜಿನ ಕೆಳಗೆ ಬೀಳುವ ಚಿಂದಿ, ಬರೀ ಬಣ್ಣದ ಬಟ್ಟೆಯ ದಿನಕ್ಕಿಂತ ಬಹಳ ಹೆಚ್ಚು. ಅಂಗಿಯ ಜೇಬಿನ ಗೆರೆ ಎದೆಯ ಗೆರೆಗೆ ಸರಿಯಾಗಿ ಕೂಡಬೇಕಲ್ಲ, ಅದಕ್ಕೆ ಕಾಗದವನ್ನು ಹಿಂದೆ ಮುಂದೆ ಸರಿಸಿ ಇಡುತ್ತಾರೆ, ನಡುವೆ ಬಟ್ಟೆ ವ್ಯರ್ಥವಾಗುತ್ತದೆ. ಆದರೆ ನನಗೆ ಕೊಟ್ಟಿದ್ದ ಕಾಗದಪತ್ರಗಳಲ್ಲಿ ಆ ತಿಂಗಳ ಒಂದು ಆರ್ಡರಿಗೆ ಗೆರೆಯ ಅಂಗಿಗೂ ಬರೀ ಬಣ್ಣದ ಅಂಗಿಗೂ ಒಂದೇ ಅಳತೆಯ ಬಟ್ಟೆ ಹಿಡಿದಿದ್ದರು.

ಕಾಸ್ಟಿಂಗ್ ನೋಡಿಕೊಳ್ಳುತ್ತಿದ್ದ ಸಾಹೇಬರ ಹತ್ತಿರ ಹೋಗಿ ಹೇಳಿದೆ. ಅವರು ತಲೆಯೆತ್ತದೆ, “ಪ್ರಾಜೆಕ್ಟಿಗೆ ಬಂದೋಳು ಪ್ರಾಜೆಕ್ಟ್ ಮಾಡ್ಕೊಂಡು ಹೋಗಮ್ಮ” ಎಂದರು. ನಾನು ಹೋಗಲಿಲ್ಲ, ಅಲ್ಲೇ ನಿಂತೆ. ಬೇಸತ್ತು ಹಾಳೆ ತೆಗೆದು ನೋಡಿದರು. ಆಮೇಲೆ ಎದ್ದು ಕತ್ತರಿಸುವ ಮೇಜಿನ ತನಕ ನಡೆದುಹೋಗಿ ಬಂದರು. ಬಂದವರು ತಮ್ಮ ಪಕ್ಕಕ್ಕೆ ಒಂದು ಕುರ್ಚಿ ಎಳೆಸಿದರು. ರಜೆ ಮುಗಿಯುವ ತನಕ ನಾನು ಅಲ್ಲೇ ಕೂತೆ. ಗುಂಡಿ ಎಷ್ಟು, ದಾರ ಎಷ್ಟು, ಕರೆಂಟು ಎಷ್ಟು, ಒಂದು ಕಾಲರಿಗೆ ಹೊತ್ತೆಷ್ಟು ಹಿಡಿಯುತ್ತದೆ. ಸಿದ್ಧವಾದ ಅಂಗಿಯನ್ನು ಎತ್ತಿ ಹಿಡಿದರೆ ಅದರೊಳಗೆ ಹೋದದ್ದೆಲ್ಲ ನನಗೆ ಕಾಣಿಸತೊಡಗಿತ್ತು. ಹೊರಡುವ ದಿನ ಸಾಹೇಬರು, “ಕಾಸ್ಟಿಂಗ್ ಓದಿರೋರು ಈ ಕಡೆ ಸಿಗೋದೇ ಇಲ್ಲ. ಓದ್ಕೊಂಡು ಬಾ, ನೋಡೋಣ” ಎಂದರು. ‘ನೋಡೋಣ’ ಎಂಬುದು ಭರವಸೆಯಲ್ಲ ಎಂದು ನನಗೂ ಗೊತ್ತು. ಆದರೆ ನನ್ನ ಜೀವಮಾನದಲ್ಲಿ ನನ್ನ ತಲೆಯನ್ನು ನೋಡಿ ಯಾರಾದರೂ ಕುರ್ಚಿ ಕೊಟ್ಟಿದ್ದರೆ ಅದು ಅಲ್ಲೇ. ಬಸ್ಸಿನಲ್ಲಿ ಮನೆ ತಲುಪುವವರೆಗೂ ಖುಷಿಗೆ ನಗು ತಡೆಯಲಾಗಲಿಲ್ಲ.

ಕಾಲೇಜಿನಲ್ಲಿ ನೋಡಿದರೆ ಕಾಸ್ಟಿಂಗ್ ಬೇಕು ಎಂದವರು ಒಂದು ಕೈಯ ಬೆರಳಿಗೂ ಸಾಲಲಿಲ್ಲ. ಸಾಕಷ್ಟು ಜನ ಸೇರದಿದ್ದರೆ ಆ ಗುಂಪು ನಡೆಸುವ ಹಾಗಿಲ್ಲ ಎಂಬುದು ಕಾಲೇಜಿನ ನಿಯಮ. ಆಫೀಸಿನ ಗುಮಾಸ್ತರು, “ಸದ್ಯಕ್ಕೆ ನಿಮ್ಮನ್ನೆಲ್ಲ ಟ್ಯಾಕ್ಸೇಶನ್ ಪಟ್ಟಿಗೆ ಹಾಕ್ತೀನಿ ಕಣ್ರಮ್ಮ. ಜನ ಸೇರುದ್ರೆ ಬದಲಾಯಿಸ್ಕಳ್ಳಿ, ಇನ್ನೂ ಟೈಮದೆ” ಎಂದು ನಮ್ಮ ಹೆಸರನ್ನೆಲ್ಲ ಅಲ್ಲಿಗೆ ಸೇರಿಸಿದರು. ಆಯಿತು ಎಂದು ಸಹಿ ಹಾಕಿ ಬಂದೆ. ಜನ ಸೇರಿಸುವುದು ಹೇಗೆ ಎಂದು ಯೋಚಿಸುತ್ತಿದ್ದೆನೇ ಹೊರತು ಬೇರೇನೂ ನನ್ನ ತಲೆಯಲ್ಲಿರಲಿಲ್ಲ.

ಆ ಪಟ್ಟಿಯನ್ನು ಬೋರ್ಡಿಗೆ ಹಾಕಿದರು. ಅದೇ ಕಾಲೇಜಿನಲ್ಲಿ ಬಿ.ಕಾಂ ಓದುವ ನಮ್ಮೂರಿನ ಹುಡುಗಿಯೊಬ್ಬಳು ಅದನ್ನು ಓದಿಕೊಂಡು, ನನಗಿಂತ ಮೊದಲಿನ ಬಸ್ಸಿಗೆ ಊರಿಗೆ ಹೋಗಿ, ಅವ್ವನಿಗೆ ಹೇಳಿದಳು. “ಅಕ್ಕ ಟ್ಯಾಕ್ಸೇಶನ್ ತಗಂಡವ್ಳೆ.” ಅವ್ವ ಆ ಕ್ಷಣವೇ ಮದ್ದೂರಿಗೆ ಫೋನು ಮಾಡಿದಳು.

ಮಾರನೇ ದಿನ ಸಂಜೆ ಬಸ್ಸಿಳಿದು ಬಂದರೆ ಮನೆ ಮುಂದೆ ಮಾವನ ಕಾರು. ಒಳಗೆ ಹಿತ್ತಾಳೆ ತಟ್ಟೆಯಲ್ಲಿ ಸೀರೆ, ತೆಂಗಿನಕಾಯಿ, ದಿಂಡು ಮಲ್ಲಿಗೆ. ವರಮಹಾಲಕ್ಷ್ಮಿ ಹಬ್ಬ ಹತ್ತಿರವಿತ್ತಲ್ಲ, ಅದಕ್ಕೆ ತಂದಿರಬೇಕು ಎಂದುಕೊಂಡೆ. ನಾನು ಚಪ್ಪಲಿ ಬಿಡುವುದರೊಳಗೆ ಅತ್ತೆ ಓಡಿಬಂದು ನನ್ನ ಜಡೆಗೆ ಹೂವು ಮುಡಿಸಿ, ಕೆನ್ನೆ ನೀವಿ ನೆಟಿಗೆ ಮುರಿದಳು. “ಬೋಲ್ಡ್ ಕಣಮ್ಮಿ ನೀನು. ಯಾರ್ ಕೈಲೂ ಏಳಿಸ್ಕಳ್ದೆ ಬೋರ್ಡ್ ಮ್ಯಾಲೇ ಎಸ್ರಾಕಿಸ್ಬುಟ್ಟಲ್ಲ!”

ಒಂದು ಗಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಕೇಸರಿಬಾತಿನ ಅಕ್ಕನನ್ನು ಆಡಿಕೊಂಡು ನಕ್ಕವಳು ನಾನು, ಈಗ ಪಟ್ಟಿಯ ಮೇಲೆ ಹೆಸರು ಬಂದದ್ದಕ್ಕೆ ಮದುವೆಗೆ ಒಪ್ಪಿದ್ದೆ!

“ಮಾವ, ಅದು ಬರೀ ಪಾಠದ್ ಪಟ್ಟಿ. ಅದೂ ಸದ್ಯಕ್ಕೆ ಹಾಕಿರೋದು” ಎಂದೆ.

ಮಾವ ತೊಡೆ ತಟ್ಟಿಕೊಂಡು ನಕ್ಕ. “ಊ ಕಣವ್ವ, ಪಾಠದ್ದೇ. ನಾವೇನ್ ಬ್ಯಾರೇದ್ ಅಂದ್ವಾ?”

“ನಾಚ್ಕತವ್ಳೆ ಬುಡಿ” ಎಂದಳು ಅತ್ತೆ. ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ಅವ್ವ ಅಷ್ಟು ಬಾಯಿತುಂಬ ನಕ್ಕದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು. ಆ ನಗು ಕೆಡಿಸಲು ಮನಸ್ಸಾಗದೆ ಬ್ಯಾಗು ಎತ್ತಿಕೊಂಡು ಒಳಗೆ ಹೋದೆ. ಭಾನುವಾರ ಮಗನನ್ನೂ ಕರೆದುಕೊಂಡು ಬಂದು ದಿನ ಗೊತ್ತುಮಾಡುತ್ತೇವೆ ಎಂದು ಹೇಳಿ ಅವರು ಹೊರಟರು.

ಬೆಳಗ್ಗೆ ಎದ್ದವಳೇ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದ ಅವ್ವನ ಎದುರು ನಿಂತೆ. “ನಂಗೆ ಬಾವ ಬ್ಯಾಡ ಕಣವ್ವ. ಟ್ಯಾಕ್ಸೂ ಬ್ಯಾಡ.”

“ಯಾಕ್ ಬ್ಯಾಡ? ಏನ್ ಕಮ್ಮಿ ಆಗದೆ ಅವ್ನಿಗೆ?”

“ಅವ್ನಿಗೇನೂ ಕಮ್ಮಿ ಇಲ್ಲ. ನಾನ್ ಓದ್ಬೇಕಾಗಿರೋದೇ ಬ್ಯಾರೆ. ಅವ್ನ್ ಆಫೀಸಲ್ಲಿ ಕುಂತ್ರೆ ನಾನು ಸತ್ತೋಯ್ತೀನಿ.”

“ಸತ್ತೋಯ್ತಾಳಂತೆ! ಫ್ಯಾನಿನ್ ಕೆಳ್ಗೆ ಕುಂತ್ಕಂಡು ಯಾರೂ ಸತ್ತಿಲ್ಲ ಕಣೆ.” ಅವ್ವ ಬೂದಿ ಕೈಯಲ್ಲೇ ಹಣೆಯ ಕೂದಲು ಸರಿಸಿಕೊಂಡಳು. ಆಮೇಲೆ ದನಿ ಇಳಿಸಿ ಹೇಳಿದಳು. “ನಂಗಿರೋನು ಒಬ್ನೇ ಅಣ್ಣ. ಬಾಯ್ಬುಟ್ಟು ಕೇಳವ್ನೆ. ನಿನ್ ಕಾಲೇಜು ಒಂದ್ ವರ್ಸಕ್ ಮುಗ್ದೋಯ್ತದೆ. ನಂಗೆ ಅಣ್ಣ ಬ್ಯಾಡ್ವಾ?”

ಅಪ್ಪನನ್ನು ಕೇಳೋಣವೆಂದು ಹೋದರೆ, “ನಿಮ್ಮವ್ವನ್ ಕೇಳವ್ವ” ಎಂದು ಗದ್ದೆ ಕಡೆ ನಡೆದುಬಿಟ್ಟ.

ಅವತ್ತು ಕಾಲೇಜಿಗೆಂದು ಹೊರಟವಳು ಮಂಡ್ಯದಲ್ಲಿ ಇಳಿದು, ಅಲ್ಲೇ ನಿಂತಿದ್ದ ಮದ್ದೂರಿನ ಬಸ್ಸು ಹತ್ತಿದೆ. ಹೈವೇ ಉದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಹೇಳಿಕೊಂಡೆ, ಅಳಿಸಿದೆ, ಮತ್ತೆ ಹೇಳಿಕೊಂಡೆ. ಗೆಜ್ಜಲಗೆರೆ ಬಂದಾಗ ಫ್ಯಾಕ್ಟರಿಗೆ ಹೋಗುವ ಹೆಂಗಸರು ಊಟದ ಡಬ್ಬಿ ಹಿಡಿದು ದಡದಡ ಇಳಿದರು. ನಾನೂ ಅವರ ಹಿಂದೆ ಇಳಿದುಬಿಡಲೇ ಎನ್ನಿಸಿತು.

ಬಾವ ಕಂಪ್ಯೂಟರಿನ ಮುಂದೆ ಕೂತಿದ್ದ. ಸುತ್ತಲೂ ಬಿಲ್ಲು ತುಂಬಿದ ಕೈಚೀಲಗಳು. ನನ್ನನ್ನು ಕಂಡು ಗಾಬರಿಯಾಗಿ ಎದ್ದು, ಒಂದು ಕುರ್ಚಿಯ ಮೇಲಿನ ಚೀಲವನ್ನು ಇಳಿಸಿ, ಅದರ ಧೂಳು ಹೊಡೆದ. ಕೆಳಗಿನ ಹೋಟೆಲಿನಿಂದ ಕಾಫಿ ತರಿಸಿದ. ನಾನು ಕೂರಲೂ ಇಲ್ಲ, ಕಾಫಿ ಮುಟ್ಟಲೂ ಇಲ್ಲ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತು, “ಬಾವ, ನಾನು ನಿನ್ನ ಮದ್ವೆ ಆಗಲ್ಲ” ಎಂದುಬಿಟ್ಟೆ.

ಅವನು ಮೌಸನ್ನು ಅತ್ತಿತ್ತ ಸರಿಸಿದ. “ಬೋರ್ಡ್ ಮ್ಯಾಲೆ...” ಎಂದ.

“ಅದು ಬೋರ್ಡು. ನಾನು ಇಲ್ಲಿವ್ನಿ.”

ನಡೆದದ್ದೆಲ್ಲ ಹೇಳಿದೆ. ಪಟ್ಟಿಯ ವಿಚಾರ, ಗೆರೆ ಅಂಗಿಯ ವಿಚಾರ, ಎಲ್ಲ. ಅವನು ಕೇಳಿದ, ನಿಜವಾಗಿಯೂ ಕೇಳಿದ. ಗೆರೆ ಬಟ್ಟೆಯ ಮಾತಿಗೆ, “ಔದಾ? ಜೇಬಿನ್ ಗೆರೆ ಕೂಡ್ಬೇಕು ಅಂತ ಅಷ್ಟ್ ಬಟ್ಟೆ ಓಯ್ತದಾ?” ಎಂದು ತನ್ನ ಅಂಗಿಯ ಜೇಬನ್ನೇ ಬಗ್ಗಿ ನೋಡಿಕೊಂಡ. ಆಮೇಲೆ ಹೇಳಿದ. “ನಂಗೆ ಆಸೆ ಇತ್ತು ಕಣಮ್ಮಿ. ಸುಳ್ಳೇಳಲ್ಲ. ಆದ್ರೆ ಮನ್ಸಿಲ್ದೋಳ್ನ ಕಟ್ಕಂಡು ನಾನೇನ್ ಮಾಡ್ಲಿ? ಒಂದ್ ಕೆಲ್ಸ ಮಾಡಾನ. ಭಾನ್ವಾರ ಬತ್ತೀವಲ್ಲ, ಅಲ್ಲಿ ನಾನೇ ಬ್ಯಾಡ ಅಂತೀನಿ. ನೀನಂದ್ರೆ ನಿಂಗ್ ಕೆಟ್ಟೆಸ್ರು, ನಿಮ್ಮವ್ವಂಗೂ ಕೆಟ್ಟೆಸ್ರು. ನಾನಂದ್ರೆ ನಮ್ಮಪ್ಪ ಎರಡ್ ದಿನ ಬಯ್ತಾನೆ, ಸುಮ್ಕಾಯ್ತಾನೆ.”

ಎಷ್ಟು ಸುಲಭ! ಅವನು ಹೇಳಿದ್ದು ನೂರಕ್ಕೆ ನೂರು ನಿಜ. ಅವನು ಬೇಡ ಎಂದರೆ ಅದೊಂದು ಮಾತು, ಅಲ್ಲಿಗೆ ಮುಗಿಯುತ್ತದೆ. ನಾನು ಬೇಡ ಎಂದರೆ ನಾಚಿಕೆ, ಇಲ್ಲವೇ ಕೊಬ್ಬು. ನನಗೆ ಒಳಗೊಳಗೇ ಸಿಟ್ಟು ಬಂತು. ಅವನ ಮೇಲಲ್ಲ, ಪಾಪ. ಆದರೂ ಅವನ ಮೇಲೇ ಕಾರಿದೆ. “ನನ್ ಬಾಯಿ ಏನ್ ಬಿದ್ದೋಗಿಲ್ಲ ಬಾವ. ನನ್ ಮಾತ್ನ ನೀನ್ ಆಡ್ಬ್ಯಾಡ.”

“ಆಯ್ತು ಬುಡು, ಕಾಫಿ ಆರೋಯ್ತದೆ” ಎಂದ. ಅದನ್ನು ಕುಡಿದೇ ಹೊರಟೆ.

ಉಳಿದ ದಿನಗಳಲ್ಲಿ ಕಾಲೇಜಿನ ಒಂದು ಮರದ ಕೆಳಗೂ ನನ್ನ ಸಹಪಾಠಿಗಳನ್ನು ನೆಮ್ಮದಿಯಾಗಿ ಕೂರಲು ಬಿಡಲಿಲ್ಲ. ಮಳವಳ್ಳಿಯಿಂದ ಬರುವ ಗೆಳತಿಯೊಬ್ಬಳನ್ನು ಬಸ್ ನಿಲ್ದಾಣದವರೆಗೂ ಅಟ್ಟಿಸಿಕೊಂಡು ಹೋದೆ. “ಕಾಸ್ಟಿಂಗಲ್ಲಿ ಪಾಸಾಗದು ಕಷ್ಟ ಕಣೆ, ನೀನೇನೋ ಬುದ್ವಂತೆ” ಎಂದಳು. ನಾನೇ ಹೇಳಿಕೊಡ್ತೀನಿ, ಭಾನುವಾರ ಭಾನುವಾರ ನಿಮ್ಮನೆಗೇ ಬರ್ತೀನಿ ಎಂದು ಆಣೆ ಮಾಡಿದೆ. ಫೈನಾನ್ಸಿಗೆ ಸೇರಿದ್ದ ಹುಡುಗನೊಬ್ಬನನ್ನು ಹಿಡಿದಾಗ, “ಲೇ, ಇವ್ಳು ಬಂದ್ಲು ಕಣ್ರುಲಾ, ಓಡ್ರುಲಾ!” ಎಂದು ಅವನ ಗುಂಪೇ ಕ್ಯಾಂಟೀನಿನ ಹಿಂದಿನ ಬಾಗಿಲಲ್ಲಿ ಪರಾರಿಯಾಯಿತು. ಕಾಸ್ಟಿಂಗ್ ಪಾಠ ಮಾಡುವ ಮೇಡಂ ಮೆಟ್ಟಿಲ ಮೇಲೆ ಸಿಕ್ಕಿ, “ಏನಮ್ಮ, ಪಂಚಾಯ್ತಿ ಎಲೆಕ್ಷನ್‌ಗೆ ನಿಂತಿದ್ದೀಯಾ?” ಎಂದು ನಕ್ಕರು. ಆದರೆ ತಾವೂ ಎರಡು ತರಗತಿಗೆ ಹೋಗಿ ನಾಲ್ಕು ಒಳ್ಳೆಯ ಮಾತು ಹೇಳಿದರು. ಶನಿವಾರ ಆಫೀಸು ಮುಚ್ಚುವ ಹೊತ್ತಿಗೆ ಗುಂಪು ನಡೆಸಲು ಬೇಕಾದಷ್ಟು ಜನ ಹೇಗೋ ಆದರು. ಗುಮಾಸ್ತರು ನನ್ನ ಹೆಸರನ್ನು ಒಂದು ಪಟ್ಟಿಯಲ್ಲಿ ಹೊಡೆದುಹಾಕಿ ಇನ್ನೊಂದರಲ್ಲಿ ಬರೆದರು. ಖುಷಿಪಡಬೇಕಿತ್ತು. ತಲೆ ತುಂಬ ಮಾರನೇ ದಿನದ ಭಾನುವಾರವೇ ಇತ್ತು.

ಭಾನುವಾರ ಅವ್ವ ಒಬ್ಬಟ್ಟು ಮಾಡಿದಳು. ಬಾಳೆಲೆ ಹಾಕಿ ಮಾವ, ಅತ್ತೆ, ಬಾವ, ಅಪ್ಪ ಸಾಲಾಗಿ ಕೂತರು. ನಾನು ಬಡಿಸುತ್ತಿದ್ದೆ. ಒಬ್ಬಟ್ಟಿನ ಮೇಲೆ ತುಪ್ಪ ಬಿದ್ದಮೇಲೆ ಮಾವ ದಿನದ ಮಾತು ತೆಗೆದ. ದೀಪಾವಳಿ ಕಳೆದ ಮೇಲೆ ಎಂದ. ಬಾವ ತಲೆಯೆತ್ತಿ ನನ್ನನ್ನೊಮ್ಮೆ ನೋಡಿ, “ಅಪ್ಪ, ನಂಗೆ ಇದು...” ಎಂದು ಶುರು ಮಾಡಿದ. ಬೇಡವೆಂದರೂ ಅವನು ತನ್ನ ಮಾತು ಬಿಟ್ಟಿರಲಿಲ್ಲ.

ನಾನು ತುಪ್ಪದ ಬಟ್ಟಲನ್ನು ಕೆಳಗಿಟ್ಟೆ. “ಬಾವ, ನೀನ್ ಸುಮ್ಕಿರು. ಮಾವ, ಬ್ಯಾಡ ಅಂತಿರೋಳು ನಾನು. ಬಾವಂದೇನೂ ತಪ್ಪಿಲ್ಲ. ಪಟ್ಟೀಲಿ ನನ್ನೆಸ್ರು ಈಗ ಟ್ಯಾಕ್ಸಲ್ಲಿಲ್ಲ. ನಿನ್ನೆ ತಗುಸ್ದೆ.”

ಈ ಸಲ ನಾಚಿಕೆ ಎಂದು ಯಾರೂ ನಗಲಿಲ್ಲ. ಮಾವನ ಕೈ ಎಲೆಯ ಮೇಲೆ ಹಾಗೇ ನಿಂತಿತು. ಅವನು ನನ್ನ ಕಡೆ ನೋಡಲೇ ಇಲ್ಲ, ಅವ್ವನ ಕಡೆ ತಿರುಗಿದ. “ಏನವ್ವ ಇದು? ಕರ್ದು ಕುಂಡ್ರಿಸಿ ಎಲೆ ಮುಂದೆ ಇಂಗನ್ನಿಸ್ತೀಯಾ? ಮಗಳ್ ಮಾತಾ, ಅಣ್ಣನ್ ಮಾತಾ, ಇವತ್ತೇ ಏಳ್ಬುಡು.”

ಅವ್ವ ಕಂಬಕ್ಕೆ ಒರಗಿ ನಿಂತಿದ್ದಳು. ನನ್ನನ್ನು ನೋಡಿದಳು, ಬಾವನನ್ನು ನೋಡಿದಳು. ಎರಡೇಟು ಹೊಡೆದುಬಿಡುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು.

“ಎಲೆ ಮುಂದಿಂದ ಏಳ್ಬ್ಯಾಡ ಅಣ್ಣಯ್ಯ, ಉಣ್ಣು” ಎಂದಳು. “ಅವ್ಳು ನಿನ್ ಮಗನ್ನ ಬ್ಯಾಡ ಅಂದವ್ಳೆ. ನಿನ್ನ ಬ್ಯಾಡ ಅಂದಿಲ್ಲ. ಓದ್ಲಿ ಬುಡು ಅವ್ಳು.”

“ನಂಗೆ ಎಲ್ಡೂ ಒಂದೇ ಕಣವ್ವ” ಎಂದು ಮಾವ ಎದ್ದ. ಅರ್ಧ ತಿಂದ ಒಬ್ಬಟ್ಟು ಎಲೆಯ ಮೇಲೇ ಇತ್ತು. ಕೈ ತೊಳೆಯಲು ನಾನು ಚೊಂಬು ಹಿಡಿದುಕೊಂಡು ಹೋದರೆ ತೆಗೆದುಕೊಳ್ಳಲಿಲ್ಲ, ಕಾರಿನಲ್ಲಿದ್ದ ಬಾಟಲಿಯ ನೀರಿನಲ್ಲಿ ತೊಳೆದುಕೊಂಡ. ಅತ್ತೆ ಮುಖ ತಿರುಗಿಸಿಕೊಂಡು ಕಾರು ಹತ್ತಿದಳು. ಬಾವ ಮಾತ್ರ ಬಾಗಿಲಲ್ಲಿ ತಿರುಗಿ, “ಬತ್ತೀನಿ ಕಣತ್ತೆ” ಎಂದು ಅವ್ವನಿಗೆ ಹೇಳಿ ಹೋದ.

ಅವ್ವ ಬೈಯಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. ದಿನದಂತೆ ಎದ್ದು, ಬಾಗಿಲಿಗೆ ನೀರು ಹಾಕಿ, ನನಗೆ ಡಬ್ಬಿ ಕಟ್ಟಿ ಕೊಡುತ್ತಿದ್ದಳು. ಮದ್ದೂರಿಗೆ ಫೋನು ಮಾಡುತ್ತಿದ್ದಳು, ಅವರು ಎತ್ತುತ್ತಿರಲಿಲ್ಲ. ಫೋನು ಕೆಳಗಿಟ್ಟು ಸೆರಗಿನಿಂದ ಅದನ್ನು ಒರೆಸಿ ಗೂಡಿನಲ್ಲಿಡುತ್ತಿದ್ದಳು. ನನಗೆ ಕಾಸ್ಟಿಂಗ್ ತರಗತಿ ಒಂದೊಂದೂ ಹಬ್ಬದಂತಿತ್ತು, ಮೇಡಂ ಕೇಳುವ ಮೊದಲೇ ಉತ್ತರ ಬಾಯಿಗೆ ಬರುತ್ತಿತ್ತು. ಸಂಜೆ ಬಸ್ಸು ಕೆರಗೋಡು ದಾಟುತ್ತಿದ್ದಂತೆ ಆ ಖುಷಿ ಇಳಿದುಹೋಗುತ್ತಿತ್ತು. ಮನೆಯಲ್ಲಿ ಕೂತು ಓದಲಾಗದೆ ಪುಸ್ತಕ ಹಿಡಿದು ಗದ್ದೆಯ ಬದುವಿನ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದೆ. ಬಂಡೂರಿನಿಂದ ಅಕ್ಕ ಫೋನು ಮಾಡಿ, “ನೀನಾದ್ರೂ ಬಾಯ್ಬುಟ್ಯಲ್ಲ ಕಣೆ” ಎಂದಳು. ಅದರಿಂದ ನೆಮ್ಮದಿಯೇನೂ ಆಗಲಿಲ್ಲ.

ಗೌರಿ ಹಬ್ಬ ಬಂತು. ಗೌರಿಗೆ ಅಣ್ಣನ ಮನೆಯಿಂದ ತಂಗಿಗೆ ಮೊರದ ಬಾಗಿನ ಬರಬೇಕು, ಅರಿಶಿನ, ಕುಂಕುಮ, ಬಳೆ, ರವಿಕೆ ಕಣ, ಅಕ್ಕಿ, ಬೆಲ್ಲ. ಮದುವೆಯಾಗಿ ಬಂದಾಗಿನಿಂದ ಅವ್ವನಿಗೆ ಅದು ತಪ್ಪಿರಲಿಲ್ಲ. ಅವತ್ತು ಅವ್ವ ತಲೆಗೆ ನೀರು ಹಾಕಿಕೊಂಡು, ಹೊಸ ಸೀರೆ ಉಟ್ಟು, ಯಾವ ಕೆಲಸಕ್ಕೆ ಎದ್ದರೂ ಬೀದಿ ಬಾಗಿಲ ಮೂಲಕವೇ ಓಡಾಡಿದಳು. ಮಧ್ಯಾಹ್ನ ಒಂದು ಬೈಕು ಬಂದು ನಿಂತಿತು. ಬಾವ ಇಳಿದ. ಹಿಂದಿನ ಸೀಟಿಗೆ ಹಗ್ಗದಲ್ಲಿ ಕಟ್ಟಿಕೊಂಡು ತಂದಿದ್ದ ಮೊರವನ್ನು ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಒಳಗೆ ಬಂದ.

ಅವ್ವನ ಮುಖ ಅರಳಿತು. ಮೊರಕ್ಕೆ ಕೈ ಚಾಚಿದಳು. ಚಾಚಿದ ಕೈಯನ್ನು ಅಲ್ಲೇ ತಡೆದು ಕೇಳಿದಳು. “ನಿಮ್ಮಪ್ಪ ಕಳಿಸ್ದನಾ, ನೀನೇ ತಂದ್ಯಾ?”

ಸುಳ್ಳು ಹೇಳು, ಹೇಳಿಬಿಡು ಎಂದು ನಾನು ಬಾಗಿಲ ಹಿಂದಿನಿಂದ ಅವನನ್ನೇ ನೋಡುತ್ತಿದ್ದೆ. ಅವನಿಗೆ ಸುಳ್ಳು ಬರುವುದಿಲ್ಲ.

“ನಾನೇ ತಂದೆ ಕಣತ್ತೆ.”

ಅವ್ವ ಅವನ ತಲೆ ಸವರಿದಳು. ಕೂರಿಸಿ ಊಟಕ್ಕಿಟ್ಟಳು. ಬೇಡ ಬೇಡ ಎಂದರೂ ಎರಡು ಸಲ ಬಡಿಸಿದಳು. ಅವನು ಉಂಡು ಎದ್ದಮೇಲೆ ಮೊರವನ್ನು ತಾನೇ ಎತ್ತಿಕೊಂಡು ಹೊರಗೆ ಬಂದು, ಬೈಕಿನ ಹಿಂದೆ ಇಟ್ಟು, ಹಗ್ಗವನ್ನು ಬಿಗಿಯಾಗಿ ಕಟ್ಟಿದಳು. “ತಗಂಡೋಗಪ್ಪ. ಅಣ್ಣ ಬದುಕವ್ನೆ. ಅವ್ನ್ ಕೊಟ್ಟಾಗ ಇಸ್ಕತೀನಿ” ಎಂದಳು. ಬೈಕು ತಿರುವಿನಲ್ಲಿ ಮರೆಯಾಗುವವರೆಗೂ ಬೀದಿಯಲ್ಲೇ ನಿಂತಿದ್ದಳು.

ಮಾರನೇ ವಾರ ನನಗೆ ಕಾಸ್ಟಿಂಗ್ ಮೊದಲ ಪರೀಕ್ಷೆ. ಪುಸ್ತಕ ಬಿಚ್ಚಿಕೊಂಡು ಕೂತಿದ್ದೆ. ಅಕ್ಷರಗಳೆಲ್ಲ ಕಲಸಿಹೋಗಿ ಒಂದು ಸಾಲೂ ಕಾಣುತ್ತಿರಲಿಲ್ಲ. ಅವ್ವ ಒಳಗೆ ಬಂದವಳು ನನ್ನ ಮುಖ ನೋಡಿದಳು. ಹತ್ತಿರ ಬಂದು, ನನ್ನ ಕೈಯಿಂದ ಜಾರಿದ್ದ ಪೆನ್ನನ್ನು ಎತ್ತಿ ಪುಸ್ತಕದ ಮೇಲಿಟ್ಟಳು.

“ಅಳ್ತಾ ಕುಂತ್ಕಬ್ಯಾಡ, ಓದು ಕಣೆ” ಎಂದಳು. “ನನ್ ತವರ ಕೊಟ್ಟು ತಗಂಡಿರೋ ಪಾಠ ಅದು. ಒಂದಕ್ಸರಾನೂ ಬುಡ್ಬ್ಯಾಡ.”